ಟರ್ಕಿ ಕೋಳಿಗೆ ಯಾವ ಕೋವಿ?

ಕೋವಿಯ ವಿಷಯದಲ್ಲಿ ನಾನು ತಕ್ಕಮಟ್ಟಿಗೆ ತಿಳಿದವನು. ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವಾಗ ಎನ್.ಸಿ.ಸಿ.ಯಲ್ಲಿದ್ದೆ. ಮೈದಾನದಲ್ಲಿ ಬೋರಲು ಮಲಗಿ ಐದು ಗುಂಡು ಹೊಡೆದಿದ್ದೇನೆ. ಐದಕ್ಕೆ ಐದೂ ಗುರಿಗೆ ತಾಗಿದ್ದವು. ನನ್ನ ಗುರಿಗಲ್ಲ, ಪಕ್ಕದವನ ಗುರಿಗೆ! ಅವನ ಐದು ಗುಂಡಿಗೆ ಎಂಟು ತೂತು ಬಂದದ್ದು ಹೇಗೆಂದು ಹವಾಲ್ದಾರರು ತಲೆ ಕೆರೆದುಕೊಂಡರು. ಬಹುಮಾನ ಅವನಿಗೆ ಹೋಯಿತು. ಆದರೂ ಹೊಡೆದದ್ದು ಯಾರು? ನಾನು.

ಇಷ್ಟು ಅನುಭವ ಇದ್ದುದರಿಂದಲೇ ಮೊನ್ನೆ ನಮ್ಮ ಟರ್ಕಿ ಕೋಳಿ ಮರ ಹತ್ತಿ ಕೂತಾಗ ನಾನು ಎದೆಗುಂದಲಿಲ್ಲ.

ಟರ್ಕಿ ಕೋಳಿ ನಮ್ಮ ಮನೆಗೆ ಯಾಕೆ ಬಂತು ಎಂದು ಹೇಳಬೇಕು. ನನ್ನ ಹೆಂಡತಿ ಸುಜಾತಳ ಅಣ್ಣ ದುಬೈಯಲ್ಲಿದ್ದಾರೆ. ರಜೆಯಲ್ಲಿ ಬರುವ ಮೊದಲು ಫೋನು ಮಾಡಿ, “ಇಲ್ಲಿ ಪಾರ್ಟಿಗಳಲ್ಲಿ ಇಡೀ ಟರ್ಕಿ ತಂದು ಇಡ್ತಾರೆ ಭಾವ. ನಮ್ಮ ಊರಲ್ಲಿ ಅದೆಲ್ಲ ಎಲ್ಲುಂಟು!” ಎಂದರು. ನನಗೆ ಚುರ್ ಎಂದಿತು. ಭಾವನಿಗೆ ನನ್ನ ಮೇಲೆ ಮದುವೆಯ ಕಾಲದಿಂದಲೂ ಅಷ್ಟಕ್ಕಷ್ಟೆ. “ಆದಿತ್ಯವಾರ ಊಟಕ್ಕೆ ನರಿಕೊಂಬಿನ ನಮ್ಮ ಮನೆಗೆ ಬನ್ನಿ. ಟರ್ಕಿ ನಾನು ತಿನ್ನಿಸ್ತೇನೆ” ಎಂದುಬಿಟ್ಟೆ. ಹೇಳಿದ ಮೇಲೆ ಮುಗಿಯಿತಲ್ಲ! ಅದು ನನ್ನ ಮರ್ಯಾದೆಯ ಪ್ರಶ್ನೆಯಾಯಿತು.

ಕಲ್ಲಡ್ಕದ ಹತ್ತಿರ ಒಬ್ಬರು ಸಾಕುತ್ತಾರೆಂದು ತಿಳಿದು ಗುರುವಾರ ಹೋಗಿ ತಂದೆ. ಅದೊಂದು ಕೋಳಿಯಾ ಮಾರಾಯ್ರೆ? ರಿಕ್ಷಾದಲ್ಲಿ ನನ್ನ ಪಕ್ಕ ಕೂತು, ದಾರಿಯುದ್ದಕ್ಕೂ ನನ್ನನ್ನು ಕೆಳಗಿನಿಂದ ಮೇಲೆ ನೋಡುತ್ತಾ ಬಂತು.

“ಗೂಡಿನ ಒಳಗೆ ಹಾಕಿ ಬಾಗಿಲು ಹಾಕುವ” ಎಂದಳು ಸುಜಾತ.

“ಗೂಡು ಯಾಕೆ? ಕೋಳಿ ಅಂಕದಲ್ಲಿ ಕಾದಾಡುವ ಹುಂಜ ಕಟ್ಟಿದ ಹಾಗೆ ಕಾಲಿಗೆ ಹಗ್ಗ ಕಟ್ತೇನೆ. ನನಗೆ ಗಂಟು ಹಾಕ್ಲಿಕ್ಕೆ ನೀನು ಕಲಿಸ್ಬೇಡ!”

ಸುಜಾತ ಆ ಗಂಟನ್ನು ಒಮ್ಮೆ ನೋಡಿದಳು. ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ನೋಡುವಾಗ ಗೂಟ ಇತ್ತು, ಹಗ್ಗ ಇತ್ತು, ಗಂಟೂ ಇತ್ತು. ಕೋಳಿ ಮಾತ್ರ ಪಕ್ಕದ ಮನೆಯ ಹಲಸಿನ ಮರದ ತುದಿಯಲ್ಲಿತ್ತು! ಏಣಿ ಇಟ್ಟರೆ ಇನ್ನೊಂದು ಕೊಂಬೆ ಮೇಲೆ ಹೋಗುತ್ತದೆ. ಹಣ್ಣು ಕೊಯ್ಯುವ ದೋಟಿ ಎತ್ತಿದರೆ ನನ್ನ ಮೇಲೆಯೇ ಹೇತು ಬಿಡುತ್ತದೆ. ಮೂರು ಅಂಗಿ ಬದಲಾಯಿಸಿದ ಮೇಲೆ ನಾನು ಗಂಭೀರವಾದ ತೀರ್ಮಾನಕ್ಕೆ ಬಂದೆ: ಇದಕ್ಕೆ ಕೋವಿಯೇ ಆಗಬೇಕು.

ಆ ಪಕ್ಕದ ಮನೆ ಮೋಂತು ಪೊರ್ಬುಗಳದ್ದು; ಕ್ರಿಸ್ತರ ಹಿರಿಯರನ್ನು ನಮ್ಮಲ್ಲಿ ಹಾಗೆ ಕರೆಯುವುದು. ಬೆಳೆ ರಕ್ಷಣೆಗೆಂದು ಸರಕಾರದ ಲೈಸನ್ಸ್ ಇರುವ ಕೋವಿ ಅವರಲ್ಲಿದೆ. ಮರವೂ ಅವರದ್ದೇ, ಕೋವಿಯೂ ಅವರದ್ದೇ. ಇನ್ನೇನು ಬೇಕು? ಅವರ ಚಾವಡಿಯಲ್ಲಿ ಕೂತು ಕೇಳಿದೆ.

“ಪೊರ್ಬುಗಳೇ, ಟರ್ಕಿಗೆ ಯಾವ ಕೋವಿ ಒಳ್ಳೆಯದು?”

ಪೊರ್ಬುಗಳ ಮುಖ ಅರಳಿತು. ಬಹಳ ವರ್ಷಗಳಿಂದ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲವಂತೆ. ಮದ್ದು ತುಂಬಿಸುವ ಹಳೆ ಕೋವಿ, ತೋಟೆ ಹಾಕುವ ಒಂಟಿ ನಳಿಗೆ, ಜೋಡಿ ನಳಿಗೆ, ಒಂದೊಂದರ ಗುಣಾವಗುಣ ಹೇಳುತ್ತಾ ಹೋದರು. ನಾನೂ ಬಿಡಲಿಲ್ಲ. ಮೊಬೈಲಿನಲ್ಲಿ ಅಮೆರಿಕದವರ ಮೂರು ವಿಡಿಯೋ ನೋಡಿ ಬಂದಿದ್ದೆ.

“ಹನ್ನೆರಡು ಬೋರ್ ಆಗ್ಬೇಕಂತೆ. ನಳಿಗೆಯ ಬಾಯಿ ಬಿಗಿ ಇರ್ಬೇಕಂತೆ. ಆಗ ಸಣ್ಣ ಗುಂಡುಗಳು ಚೆದುರುವುದಿಲ್ಲ, ನೇರ ತಲೆಗೆ ಹೋಗ್ತವೆ.”

“ಶೆಟ್ರೇ, ನನ್ನದು ಒಂಟಿ ನಳಿಗೆ. ಮೊದಲ ಗುಂಡು ತಪ್ಪಿದ್ರೆ ಎರಡನೆಯದು ಹಾಕುವಾಗ ನಿಮ್ಮ ಕೋಳಿ ಪಾಣೆಮಂಗಳೂರು ದಾಟ್ತದೆ. ಜೋಡಿ ನಳಿಗೆಯೇ ಸರಿ.”

ಎರಡು ಗಂಟೆ ಚರ್ಚೆ ನಡೆಯಿತು. ಎರಡು ಸಲ ಚಹಾ ಬಂತು. ಕೊನೆಗೆ ಜೋಡಿ ನಳಿಗೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಟರ್ಕಿ ಮೇಲಿನಿಂದ ಎಲ್ಲವನ್ನೂ ಕೇಳುತ್ತಿತ್ತು.

ಜೋಡಿ ನಳಿಗೆ ಇರುವುದು ಬೆಳ್ತಂಗಡಿಯಲ್ಲಿ, ಸುಜಾತಳ ಸಂಜೀವ ಮಾವನಲ್ಲಿ. ಇಂಥ ವಿಷಯ ಫೋನಿನಲ್ಲಿ ಹೇಳಬಾರದೆಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಮಾವ ಎಲ್ಲವನ್ನೂ ಶಾಂತವಾಗಿ ಕೇಳಿ, ಕಪಾಟಿನಿಂದ ಒಂದು ಚೀಟಿ ತಂದು ಕೈಗೆ ಕೊಟ್ಟರು. ಪೊಲೀಸ್ ಠಾಣೆಯ ರಶೀದಿ!

“ಅಳಿಯ, ಚುನಾವಣೆ ಅಲ್ವಾ? ಕೋವಿ ಠಾಣೆಯಲ್ಲಿ ಇಟ್ಟು ಹದಿನೈದು ದಿವಸ ಆಯ್ತು.”

ನಾನು ರಶೀದಿಯನ್ನು ತಿರುಗಿಸಿ ಹಿಂದೆಯೂ ನೋಡಿದೆ. ಚುನಾವಣೆ ಬಂತೆಂದರೆ ನಮ್ಮ ಕಡೆಯ ಲೈಸನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗುತ್ತವೆ, ಮತ ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತವೆ. ಇದು ಅಂಗನವಾಡಿಯ ಮಕ್ಕಳಿಗೂ ಗೊತ್ತು. ಮನೆಯೆದುರು ಮೈಕಿನ ರಿಕ್ಷಾ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಪೊರ್ಬುಗಳ ಚಾವಡಿಯಲ್ಲಿ ನಾನು ಗಾಳಿ ಹಾಕಿಕೊಂಡದ್ದೇ ಅಭ್ಯರ್ಥಿಯ ಕರಪತ್ರದಿಂದ!

ಅಲ್ಲಿಂದಲೇ ಪೊರ್ಬುಗಳಿಗೆ ಫೋನು ಮಾಡಿದೆ. “ನಿಮ್ಮ ಕೋವಿಯೂ ಠಾಣೆಯಲ್ಲಿ ಉಂಟಾ?”

“ಹೌದಲ್ಲ!”

“ಮತ್ತೆ ನಿನ್ನೆ ಎರಡು ಗಂಟೆ ಮಾತಾಡುವಾಗ ಯಾಕೆ ಹೇಳ್ಲಿಲ್ಲ?”

“ನೀವು ಯಾವ ಕೋವಿ ಒಳ್ಳೆಯದು ಅಂತ ಕೇಳಿದ್ರಿ ಶೆಟ್ರೇ. ಕೋವಿ ಉಂಟಾ ಅಂತ ಕೇಳ್ಲೇ ಇಲ್ಲ.”

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಬುದ್ಧಿ ಇದ್ದವರು ನಿಲ್ಲಿಸುತ್ತಿದ್ದರು. ನಾನು ಊರಿಗೆ ಬಂದು ನೇರ ಠಾಣೆಗೆ ಹೋದೆ. ಕೈಯಲ್ಲಿ ಅರ್ಜಿ ಬೇರೆ! ‘ಮಾನ್ಯರೇ, ಸದರಿ ಟರ್ಕಿ ಕೋಳಿಯು ಎರಡು ದಿನಗಳಿಂದ ನನ್ನ ಹಿಡಿತಕ್ಕೆ ಸಿಗದೆ ಇರುವುದರಿಂದಲೂ, ನಾಳೆ ನನ್ನ ಭಾವನವರ ಆಗಮನವಿರುವುದರಿಂದಲೂ, ಶ್ರೀ ಮೋಂತು ಪೊರ್ಬುರವರ ಕೋವಿಯನ್ನು ಒಂದು ಗಂಟೆಯ ಮಟ್ಟಿಗೆ ನನ್ನ ವಶಕ್ಕೆ ದಯಪಾಲಿಸಬೇಕಾಗಿ ವಿನಂತಿ.’

ಸಾಹೇಬರು ಒಮ್ಮೆ ಓದಿದರು. ಮತ್ತೆ ಓದಿದರು. ಆಮೇಲೆ ಠಾಣೆಯಲ್ಲಿದ್ದವರನ್ನೆಲ್ಲ ಕರೆದು, “ನೀವೇ ಒಮ್ಮೆ ಗಟ್ಟಿಯಾಗಿ ಓದಿ” ಎಂದರು. ಓದಿದೆ. ಒಬ್ಬ ಪೇದೆ ನಗು ತಡೆಯಲಾರದೆ ಹೊರಗೆ ಓಡಿದ.

“ಲೈಸನ್ಸ್ ಯಾರದ್ದು?”

“ಪೊರ್ಬುಗಳದ್ದು ಸಾರ್.”

“ಕೋವಿ ಹಿಡಿಯುವುದು?”

“ನಾನು ಸಾರ್. ಎನ್.ಸಿ.ಸಿ. ಉಂಟು.”

ಸಾಹೇಬರ ಮುಖದಿಂದ ನಗು ಮಾಯವಾಯಿತು. “ಇನ್ನೊಬ್ಬರ ಲೈಸನ್ಸಿನ ಕೋವಿ ನೀವು ಹಿಡಿದ್ರೆ ಇಬ್ಬರೂ ಒಳಗೆ. ಅದೂ ಚುನಾವಣೆ ಸಮಯದಲ್ಲಿ! ಅದನ್ನು ಬರೆದು, ಕೆಳಗೆ ಸಹಿ ಬೇರೆ ಹಾಕಿದ್ದೀರಿ. ಈ ಕಾಗದ ನಾನು ಇಟ್ಟುಕೊಳ್ಳಲಾ, ಹರಿಯಲಾ?”

ಭಾವ ಕಾರಿನಿಂದ ಇಳಿಯುವುದೂ, ಸುಜಾತ ‘ಅವರು ಠಾಣೆಯಲ್ಲಿ ಇದ್ದಾರೆ ಅಣ್ಣ’ ಎನ್ನುವುದೂ ಕಣ್ಣೆದುರು ಬಂತು. “ಹರೀರಿ ಸಾರ್, ದಮ್ಮಯ್ಯ!” ಎಂದೆ.

ಅವರು ಹರಿದರು. ದೇವರೇ, ಕಾಗದ ಹರಿಯುವ ಶಬ್ದ ಅಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ! ಹೊರಗೆ ಬಂದು ಗೂಡಂಗಡಿಯಲ್ಲಿ ಒಂದರ ಮೇಲೊಂದು ಎರಡು ಸೋಡಾ ಶರಬತ್ತು ಕುಡಿದೆ. ಕೋಳಿ ಹೋದರೆ ಹೋಗಲಿ, ಜೈಲು ತಪ್ಪಿತಲ್ಲ.

ಆದರೆ ಆದಿತ್ಯವಾರ ತಪ್ಪಲಿಲ್ಲ. ಹನ್ನೆರಡೂವರೆಗೆ ಭಾವ ಬಂದರು. ನಾನು ಅಪರಾಧಿಯ ಹಾಗೆ ಕೈಕಟ್ಟಿ ನಿಂತು, “ಭಾವ, ಟರ್ಕಿ... ಸ್ವಲ್ಪ...” ಎನ್ನುವಷ್ಟರಲ್ಲಿ ಒಳಗಿನಿಂದ ಘಮಘಮ ವಾಸನೆ ಬಂತು. ಊರ ಕೋಳಿಯ ಸಾರು! ಪಕ್ಕದಲ್ಲಿ ಗರಿಗರಿ ರೊಟ್ಟಿ!

ನಾನು ಅಡುಗೆಮನೆಗೆ ಓಡಿದೆ. “ಇದು ಯಾವಾಗ ತರಿಸಿದ್ದು?”

“ಗುರುವಾರವೇ ಎರಡು ಊರ ಕೋಳಿಗೆ ಹೇಳಿಟ್ಟಿದ್ದೆ” ಎಂದಳು ಸುಜಾತ, ಸೌಟು ತಿರುಗಿಸುತ್ತಾ. “ನಿಮ್ಮ ಗಂಟು ನೋಡಿದ ಕೂಡಲೇ.”

“ಮತ್ತೆ ನಾನು ಬೆಳ್ತಂಗಡಿಗೆ ಹೋಗುವಾಗ ಒಂದು ಮಾತು ಹೇಳ್ಬಾರ್ದಾ?”

“ನೀವು ಇಲ್ಲದಿದ್ರೆ ಮನೆ ಗುಡಿಸ್ಲಿಕ್ಕೆ ಸುಲಭ.”

ಕೋಪ ಬರಬೇಕಿತ್ತು. ಬರಲಿಲ್ಲ. ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಗಿತ್ತು!

ಊಟಕ್ಕೆ ಕೂತ ಭಾವ ನಾಲ್ಕು ರೊಟ್ಟಿ ಮುಗಿಸಿ ಉಸಿರು ಬಿಟ್ಟರು. “ಟರ್ಕಿ ಇಲ್ಲದ್ದು ಒಳ್ಳೆಯದೇ ಆಯ್ತು ಭಾವ. ನಿಜ ಹೇಳ್ತೇನೆ, ಅದಕ್ಕೆ ರುಚಿಯೇ ಇಲ್ಲ. ಮರದ ತುಂಡು! ನೀವು ಮಾಡಿಸಿದ್ರೆ ತಿನ್ಬೇಕಲ್ಲ ಅಂತ ದುಬೈಯಿಂದಲೇ ಹೆದರಿಕೊಂಡು ಬಂದಿದ್ದೆ.”

ನನಗೆ ಎದೆಯ ಮೇಲಿನಿಂದ ಅರೆಯುವ ಕಲ್ಲು ಇಳಿಸಿದ ಹಾಗಾಯಿತು. ಮೂರು ದಿವಸದ ಕಥೆಯನ್ನು ನಾನೇ ಹೇಳಿದೆ. ಗಂಟು, ಕೋವಿ, ಅರ್ಜಿ, ಯಾವುದನ್ನೂ ಬಿಡಲಿಲ್ಲ. ಭಾವ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಕಣ್ಣೊರಸಿಕೊಂಡು ಹೇಳಿದರು:

“ಸುಜಾತಳಿಗೆ ನಮ್ಮ ಅಪ್ಪನದ್ದೇ ಬುದ್ಧಿ. ನಿಮ್ಮ ಮದುವೆ ನಿಶ್ಚಯ ಆದಾಗ ಅಪ್ಪನೂ ಕಾರ್ಕಳದ ಇನ್ನೊಬ್ಬ ಹುಡುಗನಿಗೆ ಹೇಳಿಟ್ಟಿದ್ರು. ಮುಹೂರ್ತ ಕಳೆಯುವವರೆಗೆ ಬೇರೆಲ್ಲೂ ಒಪ್ಬೇಡ ಅಂತ.”

ನಾನು ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. ಸುಜಾತಳ ಮುಖ ನೋಡಿದೆ. ಅವಳು ನನ್ನ ತಟ್ಟೆಗೆ ಸಾರು ಬಡಿಸುತ್ತಾ, “ಅವರೀಗ ತುಂಬಾ ದಪ್ಪ ಆಗಿದ್ದಾರೆ” ಎಂದಳು.

ಇಷ್ಟು ವರ್ಷ ನನ್ನನ್ನು ಅವಳಿಗೆಂದೇ ಆರಿಸಿ ತಂದ ಗಂಡ ಎಂದು ತಿಳಿದಿದ್ದೆ. ಹಾಗೇನೂ ಇಲ್ಲ. ಟರ್ಕಿಯ ಹಾಗೆ ನಾನು ಮುಹೂರ್ತದ ದಿವಸ ಗಂಟಿನಿಂದ ಜಾರಿಕೊಳ್ಳಲಿಲ್ಲ, ಅಷ್ಟೇ ನನ್ನ ಸಾಧನೆ!