ಪೊರೆಯ ನಡುವೆ ನಿಂತ ದ್ವಾದಶಿ

ಮನುಷ್ಯನನ್ನು ಹೀಯಾಳಿಸಿದರೆ ಅವನು ಎಂದಾದರೂ ಮರೆತಾನು. ಅವನು ಜೀವಮಾನವಿಡೀ ಕಲಿಸಿದ ವಿಷಯವನ್ನು ಹೀಯಾಳಿಸಿದರೆ ಮರೆಯಲಾರ. ನಾನಂತೂ ಮೊದಲನೆಯ ಬಗೆಯದನ್ನೂ ಮರೆತವನಲ್ಲ. ಹೊಸಪೇಟೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ಯಾರು ಯಾವ ಪಂಕ್ತಿಯಲ್ಲಿ ಯಾವ ಪದಾರ್ಥ ಬಡಿಸುವಾಗ ಏನೆಂದರೆಂಬುದು ಇಂದಿಗೂ ಸ್ಪಷ್ಟವಾಗಿ ನೆನಪಿದೆ. ಅವುಗಳಲ್ಲಿ ಅಗ್ರಸ್ಥಾನ ನನ್ನ ಹೆಂಡತಿ ಸುಶೀಲೆಯ ತಮ್ಮ ಪ್ರಹ್ಲಾದನ ಮಾತಿಗೆ.

ಪ್ರಹ್ಲಾದ ಸಂಡೂರಿನ ಗಣಿಯಲ್ಲಿ ಗುಂಡಿಯ ನೀರೆತ್ತುವ ಪಂಪುಗಳನ್ನು ನೋಡಿಕೊಂಡಿದ್ದ ಎಂಜಿನಿಯರ್. ಅವನ ಗೃಹಪ್ರವೇಶದ ಊಟದಲ್ಲಿ ಕಂಪ್ಲಿಯ ನೆಂಟರೊಬ್ಬರು ಸಾರಿಗೆ ಉಪ್ಪು ಹೆಚ್ಚಾಯಿತೆಂದರು. ಉಪ್ಪಿನ ಮಾತು ಬಂದ ಮೇಲೆ ಸುಮ್ಮನಿರುವುದು ಹೇಗೆ? ಜೀವಕೋಶದ ಪೊರೆಯಲ್ಲಿ ಸೋಡಿಯಂ ಹೊರಹಾಕುವ ಪಂಪೊಂದಿದೆ ಎಂದು ವಿವರಿಸತೊಡಗಿದೆ. ತುಪ್ಪ ಬಡಿಸುತ್ತ ಬಂದ ಪ್ರಹ್ಲಾದ, "ಭಾವನ ಪಂಪಿಗೆ ಮೋಟರ್ ಇಲ್ಲ, ಪೈಪ್ ಇಲ್ಲ, ಬರೇ ಪಾಠ ಅದ" ಎಂದ. ಪಂಕ್ತಿ ನಕ್ಕಿತು. ನಗುವಿನಲ್ಲಿ ಮುಂದಿನ ಎಲೆಗೆ ಹೋದವನು ನನ್ನ ಹೋಳಿಗೆಗೆ ತುಪ್ಪವನ್ನೂ ಹಾಕಲಿಲ್ಲ. ಅಂದೇ ನಿಶ್ಚಯಿಸಿದೆ: ಅದೂ ಪಂಪೇ ಎಂದು ಇವನ ಬಾಯಿಂದಲೇ ಒಪ್ಪಿಗೆ ಪಡೆಯಬೇಕು.

ಆ ಪಂಪು ಕೊಳವೆಯಲ್ಲ, ಒಂದು ಕಿಣ್ವ. ಪೊರೆಯ ಆರಪಾರ ನಾಟಿಕೊಂಡ ಪ್ರೋಟೀನು. ಅದರ ನಡುವೆ ಪುಟ್ಟ ಪೊಟರೆಯಿದೆ. ಪೊಟರೆ ಒಳಮುಖವಾಗಿ ತೆರೆದಾಗ ಮೂರು ಸೋಡಿಯಂ ಅಯಾನುಗಳು ಬಂದು ಕೂರುತ್ತವೆ. ಎಟಿಪಿ ಎಂಬ ಶಕ್ತಿಯ ಅಣುವನ್ನು ಸೀಳಿ ಕಿಣ್ವ ಅದರ ಫಾಸ್ಫೇಟನ್ನು ತನಗೆ ಅಂಟಿಸಿಕೊಳ್ಳುತ್ತದೆ; ಆಗ ಅದರ ಆಕಾರವೇ ಬದಲಾಗಿ ಒಳಬದಿ ಮುಚ್ಚಿ ಹೊರಬದಿ ತೆರೆಯುತ್ತದೆ. ಸೋಡಿಯಂ ಹೊರಗೆ ಹೋಗಿ ಎರಡು ಪೊಟ್ಯಾಸಿಯಂ ಬರುತ್ತವೆ. ಹೊರಬದಿ ಮುಚ್ಚಿ, ಮತ್ತೆ ಒಳಬದಿ ತೆರೆಯುತ್ತದೆ. ಎರಡೂ ಬದಿ ಒಟ್ಟಿಗೆ ತೆರೆಯುವುದೇ ಇಲ್ಲ. ಇದನ್ನು ಹೇಳಿದಾಗಲೆಲ್ಲ ಪ್ರಹ್ಲಾದನದು ಒಂದೇ ಉತ್ತರ: "ತೋರಸ್ರಿ ನೋಡೋಣ."

ತೋರಿಸಲು ನಮ್ಮ ಮನೆಯೇ ಸಾಕಿತ್ತು. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಬ್ಬನೇ ನಿಲ್ಲಬಹುದಾದ ನಡುಕೋಣೆಯಿದೆ. ನೈವೇದ್ಯಕ್ಕೆ ಮೊದಲು ಅಡುಗೆಯ ಮೇಲೆ ಯಾರ ದೃಷ್ಟಿಯೂ ಬೀಳಬಾರದೆಂದು ಅದರ ಎರಡು ಬಾಗಿಲುಗಳನ್ನು ಒಟ್ಟಿಗೆ ತೆರೆಯುವ ರೂಢಿ ನಮ್ಮಲ್ಲಿಲ್ಲ. ಒಂದರ ಚಿಲಕ ಅಡುಗೆಮನೆಯ ಕಡೆ, ಇನ್ನೊಂದರದು ಪಡಸಾಲೆಯ ಕಡೆ.

ಕಳೆದ ದ್ವಾದಶಿಗೆ ಪ್ರಹ್ಲಾದ ಬಂದಿದ್ದ. ಏಕಾದಶಿಯ ಉಪವಾಸದಿಂದ ಎಲ್ಲರ ಹೊಟ್ಟೆ ಬೆನ್ನಿಗೆ ಹತ್ತಿತ್ತು. ತಿಥಿ ಮೀರುವುದರೊಳಗೆ ಪಾರಣೆಯ ಊಟವಾಗಬೇಕು. ಅಕ್ಕನ ಮನೆಗೆ ಬಂದಾಗ ಅಡುಗೆಮನೆಯ ದೇವರಿಗೆ ನೈವೇದ್ಯ ಮಾಡುವವನು ಅವನೇ. ಆಗಲೇ ಮಡಿಯುಟ್ಟು ಸಿದ್ಧನಾಗಿದ್ದ. ನಾನು ಅವನನ್ನು ಪಡಸಾಲೆಯ ಚಿಲಕಕ್ಕೆ ನಿಲ್ಲಿಸಿ, "ಒಳಬಾಗಿಲು ತೆರೆದು ಮುಚ್ಚುವತನಕ ಇದನ್ನು ತೆಗೆಯಕೂಡದು" ಎಂದು ಕಟ್ಟುನಿಟ್ಟಾಗಿ ಹೇಳಿ ನಡುಕೋಣೆ ಹೊಕ್ಕೆ.

ಸುಶೀಲೆ ಒಳಬಾಗಿಲು ತೆರೆದು ಹೊಸ್ತಿಲ ಮೇಲಿಟ್ಟ ಮೂರು ಲೋಟ ನೀರು ಸೋಡಿಯಂ ಆಗಿ ಸುಸೂತ್ರವಾಗಿ ಹೊರಗೆ ಹೋಯಿತು. ಪಡಸಾಲೆಯ ಎರಡು ಚೊಂಬುಗಳನ್ನು ಪೊಟ್ಯಾಸಿಯಂ ಎಂದು ಹಿಡಿದು ಒಳಗೆ ಬಂದೆ. ಹಿಂದೆ ಚಿಲಕ ಬಿತ್ತು. ಮುಂದಿನ ಬಾಗಿಲು ತಟ್ಟಿದೆ.

"ಯಾತಕ್ಕ?" ಎಂದಳು ಸುಶೀಲೆ.

"ಚೊಂಬು ಒಳಗ ಬರಬೇಕು."

"ಲೋಟ ಹೊರಗ ಹೋಗೋದು ಹೇಳಿದ್ರಿ. ಮೈಲಿಗಿ ಚೊಂಬು ಒಳಗ ಬರೋದು ಹೇಳಿದ್ರೇನು? ಮತ್ತ ಮೊದಲಿಂದ ಅಡಿಗಿ ಮಾಡೋ ಶಕ್ತಿ ನನಗಿಲ್ಲ."

ಹಿಂದಿನ ಬಾಗಿಲು ತಟ್ಟಿದೆ. "ಒಳಬಾಗಿಲಾ ತೆರದು ಮುಚ್ಚಿಲ್ಲಲ್ಲ ಭಾವ," ಎಂದ ಪ್ರಹ್ಲಾದ. "ನಿಯಮ ನಿಮ್ಮದು."

ಕಿಣ್ವಕ್ಕೂ ಇಂಥ ಗಳಿಗೆಯಿದೆ. ಪೊಟ್ಯಾಸಿಯಂ ಹೊತ್ತು, ಎರಡೂ ಕಡೆ ಮುಚ್ಚಿಕೊಂಡು, ಹೊಸ ಎಟಿಪಿಗಾಗಿ ಕಾದಿರುತ್ತದೆ. ಅದನ್ನೂ ಬಾಗಿಲೊಳಗಿಂದಲೇ ಪಾಠ ಮಾಡಿದೆ. ಅಷ್ಟರಲ್ಲಿ ಸುಶೀಲೆ ಕೂಗಿದಳು: "ಪ್ರಹ್ಲಾದಾ, ತಿಥಿ ಮುಗೀಲಿಕ್ಕೆ ಬಂತು. ಜಲ್ದಿ ಬಾರೋ."

ಅವನು ಬರುವುದೆಂತು? ದಾರಿಯಲ್ಲಿ ಮಡಿಯುಡದ, ಮೈಲಿಗೆಯ ನಾನಿದ್ದೆ. ಪಡಸಾಲೆಯ ಕಡೆ ಚಿಲಕ ತೆಗೆಯುವ ಸದ್ದಾಯಿತು. ನಾನು ಬೆನ್ನನ್ನು ಗೋಡೆಗೂ ಕಾಲನ್ನು ಬಾಗಿಲಿಗೂ ಕೊಟ್ಟು ನಿಂತೆ.

"ಸರೀರಿ ಭಾವ."

"ಪಂಪು ಹೌದೋ ಅಲ್ಲವೋ, ಮೊದಲು ಹೇಳು."

"ಭಾಳ ಹಸದೀನ್ರಿ."

"ನಾನೂ ಹಸಿದಿದ್ದೇನೆ."

ಅವನು ಬಾಗಿಲು ತಳ್ಳುವುದನ್ನು ಬಿಟ್ಟ. ಆಮೇಲೆ ಬೇರೆಯದೇ ಧ್ವನಿಯಲ್ಲಿ ಕೇಳಿದ: "ಎರಡೂ ಕೂಡೇ ತೆರದ್ರ ಏನಾಗತದ?"

"ಆಗ ಅದು ಪಂಪಲ್ಲ, ತೂತು. ಹೊರಹಾಕಿದ್ದೆಲ್ಲ ತಿರುಗಿ ಒಳಗೇ ನುಗ್ಗುತ್ತದೆ."

"ನಮ್ಮಲ್ಲಿ ವಾಲ್ವ್ ಕೆಟ್ಟಾಗ ಎತ್ತಿದ ನೀರು ಗುಂಡಿಗೇ ಬರತಿತ್ತಲ್ಲ, ಹಂಗ?" ಚಿಲಕವನ್ನು ಒಮ್ಮೆ ಹಿಂದೆ ಮುಂದೆ ಸರಿಸಿದ ಸದ್ದಾಯಿತು. "ಆತು ಭಾವ. ಮೋಟರ್ ಇಲ್ಲದಿದ್ರೂ ಪಂಪೇ."

"ಅಕ್ಕನಿಗೆ ಕೇಳುವ ಹಾಗೆ ಹೇಳು."

ಹೇಳಿದ. ನಾನು ಕಾಲು ತೆಗೆದು, ವಿಜಯಿಯಾಗಿ ಪಡಸಾಲೆಗೆ ಬಂದೆ. ನೈವೇದ್ಯವಾಯಿತು, ಎಲೆ ಹಾಕಿದರು. ಎಲೆಯ ಮುಂದೆ ಕೂರಲು ಹೋದಾಗಲೇ ನನ್ನ ಎರಡೂ ಕೈಗಳತ್ತ ಗಮನ ಹೋಯಿತು: ಒಳಗೆ ಹೋಗಬೇಕಿದ್ದ ಪೊಟ್ಯಾಸಿಯಂ ನನ್ನೊಡನೆ ಹೊರಗೇ ಬಂದುಬಿಟ್ಟಿತ್ತು. ಯಾವ ಪರೀಕ್ಷೆಯಲ್ಲೂ ಇದಕ್ಕೆ ನಾನು ಅಂಕ ಕೊಡುತ್ತಿರಲಿಲ್ಲ. ಪ್ರಹ್ಲಾದ ತೊವ್ವೆ ಕಲಸುವುದರಲ್ಲಿ ಮುಳುಗಿದ್ದ. ಸುಶೀಲೆ ಮಾತ್ರ ಚೊಂಬುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ನಾನು ಅವೆರಡನ್ನೂ ಸದ್ದಾಗದಂತೆ ಬೆನ್ನ ಹಿಂದೆ ಇಟ್ಟು, ತುಪ್ಪ ಕೇಳಿದೆ.