ದೋಣಿಯ ಮುಂದಿನ ತುದಿ

ಗಾಳಕ್ಕೆ ಎರೆಹುಳ ಮಾರುವ ಲರ್ಲೀನಳ ಅಂಗಡಿಯಲ್ಲಿ ಒಂದು ಹಳೆಯ ನೋಟ್‌ಬುಕ್ಕು ದಾರಕ್ಕೆ ಕಟ್ಟಿಕೊಂಡು ನೇತಾಡುತ್ತಿರುತ್ತದೆ. ಟಾಲ್ಬಟ್ ಕೆರೆಯಲ್ಲಿ ಬಾಸ್ ಮೀನು ಹಿಡಿಯುವವರ ಕ್ಲಬ್ಬಿಗೆ ಅದೇ ಕಾನೂನು, ಅದೇ ಕೋರ್ಟು. ಪಂದ್ಯಕ್ಕೆ ಮುಂಚಿನ ಶನಿವಾರ ಸಂಜೆ ಆರರೊಳಗೆ ಅದರಲ್ಲಿ ಹೆಸರು ಬರೆಯಬೇಕು. ದೋಣಿ ಇದ್ದವರು ಎಡಗಡೆ, ಇಲ್ಲದವರು ಬಲಗಡೆ. ಆಮೇಲೆ ಲರ್ಲೀನ್ ಕಾಫಿ ಡಬ್ಬದಲ್ಲಿ ಚೀಟಿ ಹಾಕಿ, ಎಡಗಡೆಯ ಒಬ್ಬೊಬ್ಬರಿಗೂ ಬಲಗಡೆಯ ಒಬ್ಬೊಬ್ಬರನ್ನು ಗಂಟು ಹಾಕುತ್ತಾಳೆ. ದೋಣಿಯವನು ಮುಂದಿನ ತುದಿಯಲ್ಲಿ ನಿಂತು, ಯಾರೂ ಮುಟ್ಟದ ನೀರಿಗೆ ಮೊದಲ ಗಾಳ ಎಸೆಯುತ್ತಾನೆ. ಹಿಂದೆ ಕೂತವನ ಪಾಲಿಗೆ ಅವನು ಕಲಕಿ ಬಿಟ್ಟ ನೀರು.

ಆರ್ವಿಲ್ ಟಿಡ್‌ವೆಲ್ ಇಪ್ಪತ್ತೆರಡು ವರ್ಷದಿಂದ ಬಲಗಡೆಯೇ ಬರೆಯುತ್ತ ಬಂದಿದ್ದ. ಇಪ್ಪತ್ತೆರಡು ವರ್ಷದಿಂದ ಬೇರೆಬೇರೆ ಗಂಡಸರ ಬೆನ್ನು ನೋಡಿಕೊಂಡೇ ಮೀನು ಹಿಡಿದಿದ್ದ. ಊರಿನಲ್ಲಿ ಯಾರ ಅಂಗಿ ಬೆನ್ನಲ್ಲಿ ಎಲ್ಲಿ ಹರಿದಿದೆ ಎಂದು ಕೇಳಿದರೆ ಅವನು ಥಟ್ಟನೆ ಹೇಳಬಲ್ಲ. ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿ ಈಗ ನಿವೃತ್ತನಾಗಿದ್ದ. ದೋಣಿ ಕೊಳ್ಳಲು ಹೆಂಡತಿ ನಡೀನ್ ಒಪ್ಪಿಯೂ ಆಗಿತ್ತು.

"ಒಂದೇ ದೋಣಿ, ಆರ್ವಿಲ್. ಇದೇ ಮೊದಲನೇದು, ಇದೇ ಕಡೇದು. ಯೋಚನೆ ಮಾಡಿ ತಗೋ" ಎಂದಿದ್ದಳು ಅವಳು.

ಆರ್ವಿಲ್‌ಗೆ ತೊಂದರೆಯಾದದ್ದು ಈ 'ಯೋಚನೆ ಮಾಡಿ' ಎನ್ನುವ ಮಾತಿನಿಂದಲೇ. ಊರಲ್ಲಿ ಮಾರಾಟಕ್ಕಿದ್ದವು ಎರಡು ದೋಣಿ. ಪಕ್ಕದ ಮನೆಯ ವೆಂಡೆಲ್‌ನದು ಇಪ್ಪತ್ತೊಂದು ಅಡಿಯ, ಮಿರಮಿರ ಮಿಂಚುವ ಕೆಂಪು ದೋಣಿ. ಇನ್ನೂರೈವತ್ತು ಅಶ್ವಶಕ್ತಿ, ಗಂಟೆಗೆ ಎಪ್ಪತ್ತು ಮೈಲಿ. ಎದುರು ಮನೆಯ ಹಾಯ್ಟ್ ಚರ್ಚಿನ ಹಿರಿಯ. ಅವನದು ಹಸಿರು ಬಣ್ಣದ ಅಗಲವಾದ ಅಲ್ಯೂಮಿನಿಯಂ ದೋಣಿ. ಮೂವತ್ತು ಮೈಲಿ ದಾಟಿಸಿದರೆ ಅದಕ್ಕೆ ದಮ್ಮು. ಆದರೆ ಅದರ ಮುಂದಿನ ತುದಿ ಮನೆಯ ಜಗಲಿಯಷ್ಟು ವಿಶಾಲ, ನಿಂತರೆ ಅಲುಗಾಡದು.

ಹೆಸರು ಬರೆಯಬೇಕಾದ ಶನಿವಾರ ಬೆಳಿಗ್ಗೆ ಎಂಟಕ್ಕೆ ಎರಡೂ ದೋಣಿಗಳು, ದೋಣಿ ನೀರಿಗಿಳಿಸುವ ಇಳಿಜಾರಿಗೆ ಬಂದವು. ಜೊತೆಗೆ ಯಾರೂ ಕರೆಯದ ಹತ್ತು ಹನ್ನೆರಡು ಜನ ಕಾಫಿ ಲೋಟ, ಸಾಸೇಜ್ ಬಿಸ್ಕೆಟ್ಟು ಎನ್ನುವ ಮಾಂಸದ ಬನ್ನು ಹಿಡಿದುಕೊಂಡು ಬಂದರು. ಇನ್ನೊಬ್ಬ ದೋಣಿ ಕೊಳ್ಳುವುದನ್ನು ನೋಡುವಷ್ಟು ಸುಖ ಆ ಊರಿನಲ್ಲಿ ಬೇರೆ ಯಾವುದರಲ್ಲೂ ಇಲ್ಲ.

"ಮೊದಲು ತಲುಪಿದವನಿಗೆ ಮೀನು ಕಣಯ್ಯಾ" ಎಂದ ವೆಂಡೆಲ್. "ಇಪ್ಪತ್ತು ದೋಣಿ ಹೊರಟು, ನೀನು ಕಡೆಗೆ ಹೋದ್ರೆ ಒಳ್ಳೇ ಜಾಗಗಳೆಲ್ಲ ಖಾಲಿ ಇರ್ತಾವಾ? ಅಲ್ಲಿ ಏನ್ ಮಾಡ್ತೀಯ, ಹಾಡ್ ಹೇಳ್ತೀಯಾ?"

"ತಲುಪಿ ಏನ್ ಮಾಡ್ತೀಯ ಅನ್ನೋದು ಮುಖ್ಯ, ಬ್ರದರ್ ಆರ್ವಿಲ್" ಎಂದ ಹಾಯ್ಟ್. "ಎಂಟು ಗಂಟೆ ಪಂದ್ಯ. ಓಡೋದು ಅರ್ಧ ಗಂಟೆ, ನಿಂತು ಗಾಳ ಹಾಕೋದು ಏಳೂವರೆ ಗಂಟೆ. ನೀನು ಕೊಳ್ತಿರೋದು ಆ ಅರ್ಧ ಗಂಟೇನೋ, ಈ ಏಳೂವರೆ ಗಂಟೇನೋ ನೋಡ್ಕೋ."

ಆರ್ವಿಲ್‌ಗೆ ಇಬ್ಬರ ಮಾತೂ ಸರಿ ಎನ್ನಿಸಿತು. ಅವನ ಹಣೆಬರಹವೇ ಅಷ್ಟು, ಯಾರು ಕಡೆಯಲ್ಲಿ ಮಾತಾಡಿದರೂ ಸರಿ ಎನ್ನಿಸುತ್ತದೆ.

ಮೊದಲ ಸರದಿ ವೆಂಡೆಲ್‌ನ ದೋಣಿಯದು. ಅವನು ದೋಣಿಯ ಗಾಡಿ ಕಟ್ಟಿದ ಟ್ರಕ್ಕನ್ನು ಹಿಮ್ಮುಖವಾಗಿ ನೀರಿನತ್ತ ತರುತ್ತ, ಕಿಟಕಿಯಿಂದ ಒಂದು ಹಿತ್ತಾಳೆ ಬಿರಡೆಯನ್ನು ಆರ್ವಿಲ್‌ನ ಕೈಗೆ ಎಸೆದ. ದೋಣಿಯ ಹಿಂಭಾಗದ ತಳದಲ್ಲಿ ನೀರು ಹೊರಹೋಗಲು ಹೆಬ್ಬೆರಳ ಗಾತ್ರದ ತೂತಿರುತ್ತದೆ. ನೀರಿಗಿಳಿಸುವ ಮುಂಚೆ ಅದನ್ನು ಮುಚ್ಚಬೇಕು. ಆರ್ವಿಲ್ ಬಗ್ಗಿದ್ದೂ ನಿಜ. ಆದರೆ ಅಷ್ಟರಲ್ಲಿ ಔಷಧಿ ಅಂಗಡಿಯವನು ಎಂಜಿನ್ ಬಗ್ಗೆ ಏನೋ ಕೇಳಿದ, ಇನ್ನೊಬ್ಬ ಅದು ಸುಳ್ಳು ಎಂದ, ಮೂರನೆಯವನು ಆರ್ವಿಲ್‌ನ ತೋಳು ಹಿಡಿದು ತನ್ನ ಭಾವಮೈದುನನ ದೋಣಿಯ ಕತೆ ಶುರುಮಾಡಿದ. ಆರ್ವಿಲ್ ಒಂದು ನಿಮಿಷಕ್ಕೆಂದು ಬಿರಡೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಬಿರಡೆ ಹಾಕಿದ್ಯಾ?" ಎಂದು ವೆಂಡೆಲ್ ಕೂಗಿದ.

"ಹೂಂ" ಎಂದ ಆರ್ವಿಲ್. ಜೇಬಿಗೆ ಹಾಕಿದ್ದೂ ಹಾಕಿದ ಹಾಗೇ ತಾನೆ.

ನಡೀನ್ ಕಟ್ಟೆಯ ಮೇಲೆ ಚಹಾದ ಫ್ಲಾಸ್ಕ್ ಹಿಡಿದು ಕೂತಿದ್ದಳು. "ಸುಮ್ನೆ ಯಾಕೆ ಕೂತಿರ್ತೀರ, ಸಿಸ್ಟರ್? ಅವರು ಬರೋವರೆಗೆ ನನ್ನ ದೋಣೀಲಿ ಒಂದು ಸುತ್ತು ಬನ್ನಿ" ಎಂದು ಹಾಯ್ಟ್ ಕರೆದದ್ದು ಆರ್ವಿಲ್‌ನ ಕಿವಿಗೆ ಬಿತ್ತು. ಮುಂದಿನದು ಬೀಳಲಿಲ್ಲ. ವೆಂಡೆಲ್ ಎಂಜಿನ್ ಚಾಲೂ ಮಾಡಿದ್ದ.

ಎಪ್ಪತ್ತು ಮೈಲಿ ಎಂದರೆ ಏನೆಂದು ಆರ್ವಿಲ್‌ಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಮೂವತ್ತೈದು ಮೈಲಿ ದಾಟದ ಮನುಷ್ಯ. ಮೊದಲು ಟೋಪಿ ಹೋಯಿತು. ಆಮೇಲೆ ಕಣ್ಣಲ್ಲಿ ನೀರು, ಬಾಯಲ್ಲಿ ಗಾಳಿ. ಕೆನ್ನೆಗಳು ಒಗೆದು ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಪಟಪಟ ಬಡಿದುಕೊಂಡವು. ಒಂಬತ್ತು ಮೈಲಿ ಆಚೆಯ ಸೀಡರ್ ಕೊಲ್ಲಿಗೆ ಎಂಟು ನಿಮಿಷದಲ್ಲಿ ಬಂದಿದ್ದರು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೀರು ಕನ್ನಡಿಯಂತಿತ್ತು.

"ಹೋಗು, ಮುಂದೆ ನಿಲ್ಲು" ಎಂದ ವೆಂಡೆಲ್.

ಆರ್ವಿಲ್ ಮುಂದಿನ ತುದಿಗೆ ಹೋಗಿ ನಿಂತ. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಮೊದಲ ಗಾಳ ಎಸೆದ. ಎರಡನೆಯದು ಎಸೆದ. ಮೂರನೆಯದು ಎಸೆಯುವಾಗ ತಾನು ಗುಡ್ಡದ ಮೇಲೆ ನಿಂತಂತೆ ಅನ್ನಿಸಿತು.

"ವೆಂಡೆಲ್, ಇದರ ಮೂತಿ ಮೇಲಕ್ಕೆ ಏಳ್ತಾ ಇದೆಯಲ್ಲೋ."

"ಅದು ವಿನ್ಯಾಸ ಮಾರಾಯ. ವೇಗದ ದೋಣಿಗೆ ಮೂತಿ ಎತ್ತರವೇ ಇರಬೇಕು."

"ನಿನ್ನ ಶೂ ನೀರಲ್ಲಿದೆ."

ವೆಂಡೆಲ್ ಕೆಳಗೆ ನೋಡಿದ. ಆಮೇಲೆ ಆರ್ವಿಲ್‌ನನ್ನು ನೋಡಿದ. ಆರ್ವಿಲ್ ನಿಧಾನವಾಗಿ ಜೇಬಿಗೆ ಕೈ ಹಾಕಿ ಬಿರಡೆ ತೆಗೆದು ತೋರಿಸಿದ. ವೆಂಡೆಲ್ ಆಗ ಆಡಿದ ಮಾತುಗಳಲ್ಲಿ ಅಚ್ಚುಹಾಕಬಹುದಾದದ್ದು ಒಂದೇ, "ಕೂತ್ಕೋ!"

ಇಂಥ ದೋಣಿಗೆ ಒಂದು ಗುಣ ಇದೆ. ಜೋರಾಗಿ ಓಡುವಾಗ ಒಳಗಿನ ನೀರು ಅದೇ ತೂತಿನಿಂದ ಹೊರಗೆ ಹೋಗುತ್ತದೆ. ನಿಂತರೆ ಅದೇ ತೂತಿನಿಂದ ಒಳಗೆ ಬರುತ್ತದೆ. ಭಾರವಾದ ದೋಣಿ ನರಳಿ ನರಳಿ ಎದ್ದು ಓಡಿತು, ಐದು ನಿಮಿಷದಲ್ಲಿ ಒಳಗೆ ಒಣಗಿತು. ಬಿರಡೆಯನ್ನು ಹೊರಗಿನಿಂದಲೇ ಹಾಕಬೇಕು, ಅದಕ್ಕೆ ದೋಣಿಯನ್ನು ದಡಕ್ಕೆ ಹತ್ತಿಸಬೇಕು. ಸುತ್ತ ಎಲ್ಲಿ ನೋಡಿದರೂ ದಡದಲ್ಲಿ ಬಂಡೆ, ಮುಳುಗಿದ ಮರದ ಬೊಡ್ಡೆ. ಅಲ್ಲಿಗೆ ಹತ್ತಿಸಿದರೆ ತಳವೇ ಕಿತ್ತುಹೋಗುತ್ತಿತ್ತು.

"ಇಳಿಜಾರಿಗೇ ವಾಪಸ್ ಹೋಗ್ಬೇಕು" ಎಂದ ವೆಂಡೆಲ್.

"ಹೇಗೂ ಒಣಗಿದೆ. ಇನ್ನೊಂದು ಮೂರು ಗಾಳ ಎಸೆದು ಹೋಗೋಣ್ವಾ?" ಎಂದ ಆರ್ವಿಲ್.

ಮನುಷ್ಯನ ಆಸೆ ನೋಡಿ. ವೆಂಡೆಲ್‌ಗೂ ದೋಣಿ ಮಾರುವ ಆಸೆ. ನಿಲ್ಲಿಸಿದ. ಮೂರು ಗಾಳ, ನೀರು ಪಾದಕ್ಕೆ ಬಂತು, ಓಟ. ಮತ್ತೊಂದು ಕೊಲ್ಲಿ, ಮೂರು ಗಾಳ, ಮತ್ತೆ ಓಟ. ಹೀಗೆ ಎರಡು ಗಂಟೆ ಕಾಲ ಟಾಲ್ಬಟ್ ಕೆರೆಯ ಅತ್ಯುತ್ತಮ ಜಾಗಗಳಿಗೆಲ್ಲ ಅವರೇ ಮೊದಲು ತಲುಪಿ, ಒಂದರಲ್ಲೂ ನಿಲ್ಲಲಾಗದೆ ಹೊರಟರು. ಒಂದು ತಿರುವಿನಲ್ಲಿ ಹಾಯ್ಟ್‌ನ ಹಸಿರು ದೋಣಿ ಕಾಣಿಸಿತು. ಮುಂದಿನ ತುದಿಯಲ್ಲಿ ನಡೀನ್ ನಿಂತಿದ್ದಳು. ಕೈಯಲ್ಲಿದ್ದ ಕೋಲು ಬಿಲ್ಲಿನಂತೆ ಬಾಗಿತ್ತು.

"ನಿಧಾನ ಕಣ್ರೋ! ನನ್ನ ಮೀನು ಹೆದರುತ್ತೆ!" ಎಂದು ಅವಳು ಕೂಗಿದಳು.

"ನಿಧಾನ ಮಾಡಕ್ಕಾಗಲ್ಲ!" ಎಂದು ಆರ್ವಿಲ್ ಕೂಗಿದ.

ಹಾಯ್ಟ್ ತಲೆಯಾಡಿಸಿದ. "ಪಾಪ, ವೇಗದ ಹುಚ್ಚು ಆಗಲೇ ಹಿಡೀತು ಅವನಿಗೆ."

ಇಳಿಜಾರಿಗೆ ಅರ್ಧ ಮೈಲಿ ಇರುವಾಗ ದೊಡ್ಡ ಫಲಕ ಬರುತ್ತದೆ: ಇಲ್ಲಿಂದ ನಡಿಗೆಯ ವೇಗ ಮಾತ್ರ. ನಡಿಗೆಯ ವೇಗದಲ್ಲಿ ಹೋದರೆ ದಡ ಸೇರುವುದರೊಳಗೆ ಜಲಸಮಾಧಿ. ವೆಂಡೆಲ್ ಕಣ್ಣುಮುಚ್ಚಿ ನುಗ್ಗಿಸಿದ. ಕೆರೆ ಪೊಲೀಸರ ದೋಣಿ ನೀಲಿ ದೀಪ ಹಾಕಿಕೊಂಡು ಅಡ್ಡ ಬಂತು.

ಅದರಲ್ಲಿದ್ದ ಆಫೀಸರ್ ಟಟಲ್‌ಳನ್ನು ಆರ್ವಿಲ್ ಎಂಟು ವರ್ಷ ಬಸ್ಸಿನಲ್ಲಿ ಸ್ಕೂಲಿಗೆ ಬಿಟ್ಟಿದ್ದ. ಅವಳು ದಂಡದ ಪುಸ್ತಕ, ಪೆನ್ನು ತೆಗೆದಳು.

"ಮಿಸ್ಟರ್ ಟಿಡ್‌ವೆಲ್! ಬಸ್ಸಲ್ಲಿ ನಾನು ಎದ್ದು ನಿಂತ್ರೆ ಕಿವಿ ಹಿಂಡ್ತಿದ್ರಿ. ಈಗ ನೀವೇ ಹೀಗಾ?"

"ತಪ್ಪಾಯ್ತಮ್ಮ. ಸ್ವಲ್ಪ ಓಡ್ತಾ ಓಡ್ತಾ ಬರ್ಕೋತೀಯಾ?"

"ಯಾಕೆ, ಅರ್ಜೆಂಟಾ?"

"ಅರ್ಜೆಂಟು ಅಂದ್ರೆ, ನೀನು ಮೇಲೆ ಹೋಗ್ತಿದ್ದೀಯೋ ನಾವು ಕೆಳಗೆ ಹೋಗ್ತಿದ್ದೀವೋ, ನೀನೇ ನೋಡು."

ಅವಳು 'ವೆಂಡೆಲ್' ಎಂದು ಬರೆದು ಮುಗಿಸುವುದರೊಳಗೆ ಆರ್ವಿಲ್ ಸೊಂಟದವರೆಗೆ ನೀರಲ್ಲಿದ್ದ. ಕಡೆಗೆ ಅವಳೇ ಹಗ್ಗ ಕಟ್ಟಿ, ನಡಿಗೆಯ ವೇಗದಲ್ಲಿ, ಸಾಸೇಜ್ ಬಿಸ್ಕೆಟ್ಟು ತಿನ್ನುತ್ತಿದ್ದ ಹತ್ತು ಹನ್ನೆರಡು ಜನರ ಚಪ್ಪಾಳೆಯ ನಡುವೆ ಎಳೆದು ತಂದಳು.

ಮಧ್ಯಾಹ್ನವೆಲ್ಲ ದೋಣಿ ಒಣಗಿಸುವುದರಲ್ಲೇ ಕಳೆಯಿತು. ಎಂಜಿನ್‌ಗೆ ಏನೂ ಆಗಿರಲಿಲ್ಲ. ವೆಂಡೆಲ್ ಸ್ಪಂಜು ಹಿಂಡುತ್ತಿದ್ದ. ನೆರೆದವರು ಮಾತಾಡುವುದನ್ನು ಬಿಟ್ಟಿರಲಿಲ್ಲ. ವೇಗ ಇದ್ದದ್ದಕ್ಕೇ ಬದುಕಿದ್ರಿ ಎಂದರು ಅರ್ಧ ಜನ. ವೇಗದ ಚಪಲಕ್ಕೇ ಮುಳುಗಿದ್ರಿ ಎಂದರು ಉಳಿದವರು.

ಆರ್ವಿಲ್ ಒದ್ದೆ ಪ್ಯಾಂಟಿನಲ್ಲಿ ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತು ಯೋಚಿಸಿದ. ಇವತ್ತು ಅವನು ಹದಿನಾಲ್ಕು ಜಾಗಗಳಿಗೆ ಎಲ್ಲರಿಗಿಂತ ಮೊದಲು ಹೋಗಿದ್ದ. ಯಾವುದೂ ನೆನಪಿನಲ್ಲಿ ಉಳಿದಿರಲಿಲ್ಲ. ನೆನಪಿದ್ದದ್ದು ಆ ಮೊದಲ ಕೊಲ್ಲಿ ಮಾತ್ರ, ಅಲ್ಲಿ ಎಸೆದ ಮೂರು ಗಾಳ, ಎದುರಿಗಿದ್ದ ಖಾಲಿ ನೀರು. ತನಗೆ ಬೇಕಾದದ್ದು ದೊಡ್ಡ ಮೀನೂ ಅಲ್ಲ, ಮೊದಲು ತಲುಪುವುದೂ ಅಲ್ಲ. ಹೋದ ಕಡೆ ನೆಮ್ಮದಿಯಾಗಿ ಎರಡು ಕಾಲಿನ ಮೇಲೆ ನಿಲ್ಲುವುದು. ಎಲ್ಲರೂ ಮುಟ್ಟಿ ಬಿಟ್ಟ ನೀರೇ ಆಗಲಿ, ಅರ್ಧ ದಿನ ಸುಮ್ಮನೆ ನಿಂತರೆ ಅದು ಮತ್ತೆ ತಿಳಿಯಾಗುತ್ತದೆ. ಅರವತ್ತಕ್ಕೆ ಬಂದ ಮನುಷ್ಯನಿಗೆ ಇಷ್ಟು ತಿಳಿಯಲು ಇಡೀ ದಿನ ಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹಸಿರು ದೋಣಿಯೇ ಸರಿ ಎಂದು ಎದ್ದ. ಆಗ ಐದು ಗಂಟೆ.

ಹಾಯ್ಟ್ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅಂಗಳ ಖಾಲಿ.

"ದೋಣಿ ಎಲ್ಲಿ?"

"ಮಾರಿಬಿಟ್ಟೆ ಬ್ರದರ್, ಬೆಳಿಗ್ಗೆ ಹತ್ತಕ್ಕೇ. ಎಷ್ಟು ಓಡುತ್ತೆ ಅಂತ ಒಂದು ಮಾತೂ ಕೇಳಲಿಲ್ಲ. ಮುಂದೆ ನಿಂತು ಎರಡು ಸಲ ಕುಣಿದು ನೋಡಿ, 'ಇದೇ ಬೇಕು' ಅಂದ್ರು."

"ಯಾರು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಚರ್ಚಿನವನು ನಾನು. ಲರ್ಲೀನ್ ಅಂಗಡಿಗೆ ಹೋಗು, ಗೊತ್ತಾಗುತ್ತೆ. ನಾನೂ ಬರ್ತೀನಿ ನಡಿ, ಈ ಸಲ ನಾನೂ ಬಲಗಡೆ ಬರೀಬೇಕಲ್ಲ."

ಅಂಗಡಿಯಲ್ಲಿ ಕ್ಲಬ್ಬಿನವರೆಲ್ಲ ಸೇರಿದ್ದರು. ಆರ್ವಿಲ್ ನೋಟ್‌ಬುಕ್ಕು ಬಿಡಿಸಿದ. ಎಡಗಡೆಯ ಕಡೆಯ ಹೆಸರಿನ ಶಾಯಿ ಇನ್ನೂ ಹೊಸದಾಗಿತ್ತು. 'ನಡೀನ್ ಟಿಡ್‌ವೆಲ್. ಹಸಿರು ದೋಣಿ.'

ಅವನು ತಿರುಗಿದ. ನಡೀನ್ ಐಸ್ ಪೆಟ್ಟಿಗೆಯ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಳು. ಬಿಸಿಲಿಗೆ ಮೂಗು ಕೆಂಪಾಗಿತ್ತು.

"ನೀನಾ?"

"ಬೇರೆಯೋರು ಆಗಲೇ ಕೇಳ್ತಾ ಇದ್ರು ಕಣೋ. ಒಪ್ಪಿದ್ದು ಒಂದೇ ದೋಣಿಗೆ, ಅದು ಕೈ ತಪ್ಪಿದ್ರೆ? ನೀನು ನೋಡಿದ್ರೆ ಕೆರೆ ಸುತ್ತ ಪ್ರದಕ್ಷಿಣೆ ಹಾಕ್ತಿದ್ದೆ."

"ಸರಿ, ಆದ್ರೆ ನನ್ನ ಹೆಸರು ಬರೀಬಹುದಿತ್ತಲ್ಲ."

ನಡೀನ್ ಕಡಲೆಕಾಯಿ ಕೆಳಗಿಟ್ಟಳು. "ಬರೆಯೋಕೆ ಅಂತಲೇ ಪೆನ್ನು ತಗೊಂಡೆ. ಆದ್ರೆ ಇವತ್ತು ಅಲ್ಲಿ ಮುಂದೆ ನಿಂತಾಗ, ಎದುರಿಗೆ ನೀರು ಬಿಟ್ರೆ ಏನೂ ಇರಲಿಲ್ಲ ಆರ್ವಿಲ್. ಮದುವೆ ಆಗಿ ಮೂವತ್ತೇಳು ವರ್ಷ, ಎಲ್ಲದರಲ್ಲೂ ನಾನು ಎರಡನೆಯವಳೇ. ಇಪ್ಪತ್ತೆರಡು ವರ್ಷದಿಂದ ನೀನು ಏನು ಬೇಕು ಬೇಕು ಅಂತಿದ್ದೆ ಅನ್ನೋದು ಇವತ್ತು ಅರ್ಥ ಆಯ್ತು. ಅರ್ಥ ಆದ್ಮೇಲೆ ಕೊಡೋಕೆ ಮನಸ್ಸು ಬರಲಿಲ್ಲ."

ಜಗತ್ತಿನಲ್ಲಿ ಈ ಮಾತು ಪೂರ್ತಿ ಅರ್ಥವಾಗುವ ಮನುಷ್ಯ ಒಬ್ಬನಿದ್ದರೆ ಅದು ಆರ್ವಿಲ್. ಅವನು ನಿಂತು ಅವಳ ಮುಖ ನೋಡಿದ. ಎಷ್ಟೋ ವರ್ಷದಿಂದ ಅವಳು ಇಷ್ಟು ಖುಷಿಯಾಗಿದ್ದದ್ದನ್ನು ಅವನು ಕಂಡಿರಲಿಲ್ಲ. ಹಿಂದೆ ಕೂತರೂ ಸ್ವಂತ ದೋಣಿ, ನೋಡುವುದಾದರೂ ಸ್ವಂತ ಹೆಂಡತಿಯ ಬೆನ್ನು. ಅಷ್ಟೇನೂ ಕೆಟ್ಟ ಬದುಕಲ್ಲ ಎನ್ನಿಸಿತು.

ಪೆನ್ನು ತೆಗೆದುಕೊಂಡು ಬಲಗಡೆ ತನ್ನ ಹೆಸರು ಬರೆದ, ಇಪ್ಪತ್ತಮೂರನೆಯ ವರ್ಷ. "ಲರ್ಲೀನ್, ಗಂಡ ಹೆಂಡತಿಗೆ ಚೀಟಿ ಯಾಕೆ? ಸುಮ್ನೆ ನನ್ನನ್ನ ನಡೀನ್ ದೋಣಿಗೆ ಹಾಕಿಬಿಡು."

"ಅಪ್ಪನ ಕಾಲದಿಂದ ಇಲ್ಲಿ ಚೀಟಿ ಅಂದ್ರೆ ಚೀಟಿ" ಎಂದಳು ಲರ್ಲೀನ್.

ಆರು ಹೊಡೆಯಿತು. ಅವಳು ಕಾಫಿ ಡಬ್ಬ ಅಲ್ಲಾಡಿಸಿ ಕೈ ಹಾಕಿದಳು. ಆರ್ವಿಲ್ ಮನಸ್ಸಿನಲ್ಲೇ ದೇವರನ್ನು ನೆನೆದ.

"ನಡೀನ್ ಟಿಡ್‌ವೆಲ್ ದೋಣಿಗೆ... ಹಾಯ್ಟ್!"

ಹಾಯ್ಟ್ ಎದ್ದು ನಿಂತು ಎಲ್ಲರಿಗೂ ನಮಸ್ಕಾರ ಮಾಡಿದ. ಒಂದೊಂದಾಗಿ ಚೀಟಿ ಬಿದ್ದವು. ಕಡೆಗೆ ಡಬ್ಬದಲ್ಲಿ ಉಳಿದದ್ದು ಒಂದು, ಎಡಗಡೆ ಉಳಿದದ್ದೂ ಒಬ್ಬನೇ. ಮೂಲೆಯಲ್ಲಿ ವೆಂಡೆಲ್ ಆರ್ವಿಲ್‌ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸ್ನೇಹವೇನೂ ಇರಲಿಲ್ಲ.

"ಹಿಂದೆ ಕೂತು ಕೈ ಕಟ್ಕೋಬೇಕು" ಎಂದ ವೆಂಡೆಲ್. "ಯಾವುದನ್ನೂ ಮುಟ್ಟಂಗಿಲ್ಲ."

ನಡೀನ್ ಗಂಡನ ಭುಜ ತಟ್ಟಿದಳು. ನಿಜವಾಗಿಯೂ ಸಮಾಧಾನ ಮಾಡಬೇಕೆಂದೇ ತಟ್ಟಿದ್ದು.

"ಹೋಗ್ಲಿ ಬಿಡು. ಎಲ್ಲರಿಗಿಂತ ಮೊದಲು ನೀನೇ ತಲುಪ್ತೀಯ. ಸೀಡರ್ ಕೊಲ್ಲೀಲಿ ನಂಗೊಂದು ಒಳ್ಳೇ ಜಾಗ ಹಿಡಿದಿಡು, ನಿಧಾನವಾಗಿ ಬರ್ತೀನಿ."