ಮಳೆಗೆ ಜಗ್ಗದ ಅಂಟು

ಕೆಂಪರಾಜು ಮಾಡಿದ ಬೆಂಚು ಮುರಿದದ್ದಲ್ಲ, ಬಿಚ್ಚಿಕೊಂಡದ್ದು. ಹೋದ ಮಳೆಗಾಲದಲ್ಲಿ ಕನಕಪುರದ ಮಾವ ಚೆಲುವಯ್ಯನವರು ಅದರ ಮೇಲೆ ಕೂತು ಕಾಫಿ ಲೋಟ ತುಟಿಗಿಟ್ಟ ಗಳಿಗೆಯಲ್ಲೇ ಅದರ ನಾಲ್ಕು ಕಾಲೂ ಪಾಲಾದ ಅಣ್ಣತಮ್ಮಂದಿರ ಹಾಗೆ ನಾಲ್ಕು ದಿಕ್ಕು ಹಿಡಿದವು. ಮಾವ ನೆಲಕ್ಕೆ ಬಂದರು, ಕಾಫಿ ಪಂಚೆಗೆ ಬಂತು. ಅಲ್ಲಿಂದಾಚೆಗೆ ಅವರು ಚನ್ನಪಟ್ಟಣದ ಮಗಳ ಮನೆ ಕಡೆ ತಲೆ ಹಾಕಿರಲಿಲ್ಲ.

ಈ ಭಾನುವಾರ ಬೆಳಿಗ್ಗೆ ಹೆಂಡತಿ ಲತಾಮಣಿ ಫೋನು ಕೆಳಗಿಟ್ಟವಳೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ರೀ, ಅಪ್ಪ ಸಂಜೆ ನಾಕ್ ಗಂಟೆಗೆ ಬತ್ತಾರಂತೆ. ಆ ಬೆಂಚ ಗಟ್ಟಿ ಮಾಡಿ, ಇಲ್ಲಾಂದ್ರೆ ಒಲೆಗಾಕಿ."

ಕೆಂಪರಾಜು ರಾಮನಗರದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಗುಮಾಸ್ತ. ಆದರೆ ತನ್ನೊಳಗೊಬ್ಬ ಬಡಗಿ ಇದ್ದಾನೆಂದು ಅವನ ನಂಬಿಕೆ. ಅಂಟು ತರಲು ಬೈಕು ಹೊರಡಿಸುವಷ್ಟರಲ್ಲಿ ಎದುರು ಮನೆಯ ರಾಮಲಿಂಗಯ್ಯ, ಕರೆಯದೆಯೇ, ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಹಾರ್ಡ್‌ವೇರ್ ಅಂಗಡಿಯ ಮಹೇಂದ್ರ ಕೇಳಿದ: "ಅಂಟು ಮನೆ ಒಳಗಿಡೋ ಸಾಮಾನ್ಗಾ, ಹೊರಗಿಡೋದಕ್ಕಾ?"

"ಹೊರಗಿಡಕ್ಕೆ. ಮಳೆ, ಬಿಸ್ಲು, ನಮ್ ಮಾವ, ಮೂರೂ ತಡೀಬೇಕು."

ಮಹೇಂದ್ರ ಮೂರು ಬಗೆ ತೆಗೆದಿಟ್ಟ: ಬಿಳಿ ಅಂಟಿನ ಡಬ್ಬಿ, ಎರಡನ್ನೂ ಕಲೆಸಿ ಹಚ್ಚುವ ಜೋಡಿ ಟ್ಯೂಬು, ಜೇನಿನ ಬಣ್ಣದ ಒಂದು ಬಾಟ್ಲಿ.

"ಬಿಳೀದೇ ತಗಳಲಾ," ಎಂದರು ರಾಮಲಿಂಗಯ್ಯ. "ಅದ್ರಲ್ಲಿ ಅಂಟಿಸಿದ್ ದೇವ್ರ ಮಂಟಪ ನಮ್ಮನೇಲಿ ಇಪ್ಪತ್ ವರ್ಸದಿಂದ ಅಲ್ಲಾಡಿಲ್ಲ."

ಮರಳು ಕಾಗದ ಕೊಳ್ಳಲು ಬಂದಿದ್ದ ಗೊಂಬೆ ಕೆಲಸದ ವಹಾಬ್ ನಕ್ಕ. "ಯಜಮಾನ್ರೇ, ನಿಮ್ ದೇವ್ರು ಮಳೇಲಿ ನೆನೀತಾನಾ? ಡಬ್ಬಿ ಮೇಲೆ ನೀರು ತಡೀತದೆ ಅಂತ ಬರ್ದಿರ್ತಾರೆ. ತುಂತುರು ತಡೀತದೆ, ಅಷ್ಟೇ. ವಾರಗಟ್ಲೆ ನೆಂದ್ರೆ ಬಿಟ್ಕೊತದೆ."

"ಓದ್ ಸಲ ಬಿಳೀದೇ ಹಾಕಿದ್ದೆ ವಹಾಬ್ ಭಾಯ್," ಎಂದು ಕೆಂಪರಾಜು ಮೆಲ್ಲಗೆ ಒಪ್ಪಿಕೊಂಡ.

"ಜೋಡಿ ಟ್ಯೂಬು ಸಂದು ಸಡ್ಲ ಇದ್ರೂ ತುಂಬ್ಕೊತದೆ," ಎಂದ ವಹಾಬ್. "ಆದ್ರೆ ಈ ಜಾತೀದು ಐದ್ ನಿಮಿಷಕ್ಕೆ ಕಲ್ಲಾಗ್ತದೆ. ಕೈ ಚುರುಕಿರ್ಬೇಕು."

ಅಂಗಿಯ ಗುಂಡಿ ಹಾಕಿಕೊಳ್ಳಲೇ ಐದು ನಿಮಿಷ ತೆಗೆದುಕೊಳ್ಳುವ ಕೆಂಪರಾಜು ಬಾಟ್ಲಿಯತ್ತ ಕೈ ಚಾಚಿದ.

"ಅದು ಸರಿ," ಎಂದ ವಹಾಬ್. "ಮರ ಒಸಿ ಒದ್ದೆ ಮಾಡಿ ಹಚ್ಚಿ. ನೀರು ಕುಡ್ದೇ ಗಟ್ಟಿಯಾಗೋ ಅಂಟದು. ಉಬ್ತದೆ, ತೆಳ್ಳಗಿರ್ಲಿ. ನಾಕ್ ಗಂಟೆ ಅದುಮಿ ಇಡ್ಬೇಕು."

ಮನೆಗೆ ಬಂದು ಅಂಗಳದಲ್ಲಿ ಬೆಂಚಿನ ಕಾಲು ಜೋಡಿಸಿದರೆ, ಇಳಿಜಾರಿಗೆ ಅದು ಕುಂಟುತ್ತಿತ್ತು. "ನಮ್ ಜಗ್ಲಿಗೆ ತತ್ತಾ. ಸಿಮೆಂಟ್ ನೆಲ, ಮಟ್ಟಸ ಐತೆ, ಹೊಂಗೆ ನೆಳ್ಳೂ ಐತೆ," ಎಂದರು ರಾಮಲಿಂಗಯ್ಯ. ಆ ಮಾತು ನ್ಯಾಯವಾಗಿಯೇ ಇತ್ತು.

ಕೆಂಪರಾಜು ಒದ್ದೆ ಬಟ್ಟೆಯಲ್ಲಿ ಮರ ಒರೆಸಿ ತೆಳ್ಳಗೆ ಅಂಟು ಸವರಿದ. ರಾಮಲಿಂಗಯ್ಯ ಹಣೆ ಚಚ್ಚಿಕೊಂಡರು. "ಏನ್ಲಾ ಇದು, ರೊಟ್ಟಿಗೆ ಎಣ್ಣೆ ಸವರ್ದಂಗೆ? ಬೀಳೋನು ನಿಮ್ ಮಾವ ಕಣ್ಲಾ!" ಎಂದವರೇ ಬಾಟ್ಲಿ ಕಿತ್ತುಕೊಂಡು ಸಂದುಸಂದಿಗೂ ಸುರಿದು, ಮೇಲೆ ಒಂದು ಚೊಂಬು ನೀರನ್ನೂ ಎರಚಿದರು. ಅದುಮಿ ಹಿಡಿಯಲು ಕ್ಲಾಂಪು ಇರಲಿಲ್ಲ. ತೊಂಬತ್ತು ಕೇಜಿಯ ರಾಮಲಿಂಗಯ್ಯ ಸಂದೆಲ್ಲ ತಪ್ಪಿಸಿ ನಡು ಹಲಗೆಯ ಮೇಲೆ ಗೋಣಿಚೀಲ ಹಾಸಿ ತಾವೇ ಕೂತರು. ಮುದ್ದೆ ಉಪ್ಸಾರನ್ನೂ ಅಲ್ಲಿಗೇ ತರಿಸಿಕೊಂಡು ಉಂಡರು, ತೂಕಡಿಸಿದರು. ಅಂಟು ಹುದುಗು ಬಂದ ದೋಸೆ ಹಿಟ್ಟಿನಂತೆ ಉಬ್ಬಿ, ನೊರೆ ಕಾಲುಗುಂಟ ಇಳಿಯುತ್ತಲೇ ಇತ್ತು. ತೂಕಡಿಸುವವರಿಗೆ ಅದು ಕಾಣಲಿಲ್ಲ, ಸ್ನಾನ, ಊಟ ಎಂದು ಮನೆಗೆ ಹೋದ ಕೆಂಪರಾಜುವಿಗೂ ಕಾಣಲಿಲ್ಲ.

ಮೂರೂಮುಕ್ಕಾಲಿಗೆ ಬಂದು ಬೆಂಚು ಅಲ್ಲಾಡಿಸಿದ. ಕಾಲುಗಳು ಕಬ್ಬಿಣದ ಹಾಗಿದ್ದವು! ಹಿಗ್ಗಿ, "ಏಳಿ ರಾಮಲಿಂಗಣ್ಣ, ಮನೆ ಮುಂದಕ್ಕೆ ಇಕ್ಕನ," ಎಂದು ಎತ್ತಿದ. ಬೆಂಚು ಏಳಲಿಲ್ಲ. ಇಬ್ಬರೂ ಸೇರಿ ಎತ್ತಿದರು. ಕೆಂಪರಾಜುವಿನ ಬೆನ್ನು ಲಟಕ್ಕೆಂದಿತು. ನಾಲ್ಕು ಕಾಲೂ ಸಿಮೆಂಟಿಗೆ ಬೇರು ಬಿಟ್ಟಿದ್ದವು.

"ಅಂಟು ಮಾತ್ರ ಭಾರೀ ಒಳ್ಳೇದು ಕಣ್ಲಾ," ಎನ್ನುತ್ತ ರಾಮಲಿಂಗಯ್ಯ ಮತ್ತೆ ಕೂತರು.

ಅಷ್ಟರಲ್ಲಿ ಆಟೋ ಬಂತು. ಚೆಲುವಯ್ಯನವರು ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಅವುಚಿಕೊಂಡೇ ಇಳಿದರು. ಅಳಿಯನನ್ನು ನೋಡಿ ಬರಿದೇ ತಲೆಯಾಡಿಸಿ, ಕುರ್ಚಿಯನ್ನು ಮಗಳ ಅಂಗಳದಲ್ಲಿ ಇಳಿಸಿ, ಎದುರು ಜಗಲಿಯ ಬೆಂಚನ್ನು ಕಂಡು ಅತ್ತ ನಡೆದರು. ತಟ್ಟಿದರು, ಗುದ್ದಿದರು, ಕೊನೆಗೆ ರಾಮಲಿಂಗಯ್ಯನ ಪಕ್ಕ ಕೂತೇ ಬಿಟ್ಟರು.

"ಅಬ್ಬಾ! ಬೆಂಚು ಅಂದ್ರೆ ಇದು. ಒಸಿನೂ ಜಗ್ಗಲ್ವಲ್ಲ!"

"ಅಂಟು ಆರ್ಸಕ್ಕೆ ಬರ್ಬೇಕು ಯಜಮಾನ್ರೇ," ಎಂದರು ರಾಮಲಿಂಗಯ್ಯ ಗಂಭೀರವಾಗಿ. "ಬಿಳೀದು ತಂದ್ರೆ ಕೆಟ್ಟಂಗೆ."

ಕೆಂಪರಾಜು ಮುಂದೆ ಬಂದ. "ಮಾವ, ಅದು ನಾನ್ ಮಾಡಿದ್ ಬೆಂಚು!"

"ನಿಮ್ದಾದ್ರೆ ಅವ್ರ ಜಗ್ಲಿ ಮ್ಯಾಲ್ ಯಾಕೈತೆ?"

"ಅಂಟ್ಕಂಬುಟ್ಟೈತೆ ಮಾವ."

ಚೆಲುವಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪರಾಜು ಸಾಕ್ಷಿಗೆ, ಅಪ್ಪನ ದನಿ ಕೇಳಿ ಬಂದಿದ್ದ ಹೆಂಡತಿಯ ಕಡೆ ತಿರುಗಿದರೆ ಅವಳು ಅಂಗಿಯ ತೋಳು ಹಿಡಿದೆಳೆದು ಪಿಸುಗುಟ್ಟಿದಳು: "ಸುಮ್ನಿರಿ ಅಂದ್ರೆ! ನೀವ್ ಮಾಡಿದ್ದು ಅಂತ ಗೊತ್ತಾದ್ರೆ ಎದ್ದೋಯ್ತಾರೆ."

"ಅಳಿಯಂದ್ರೇ," ಎಂದು ಮಾವ ಅಲ್ಲಿಂದಲೇ ಕೂಗಿದರು, "ಆ ಕುರ್ಚಿ ನಾನ್ ಕೂರಕ್ಕೆ ಅಂತ ತಂದಿದ್ದೆ. ಇನ್ ನಂಗ್ ಬ್ಯಾಡ, ನೀವೇ ಮಡೀಕಳಿ."

ಕೆಂಪರಾಜು ತನ್ನ ಇಳಿಜಾರು ಅಂಗಳದಲ್ಲಿ ಕುರ್ಚಿ ಹಾಕಿ, ಜಾರದ ಹಾಗೆ ಕಾಲು ಊರಿ ಕೂತ. ಲತಾಮಣಿ ತಟ್ಟೆಯಲ್ಲಿ ಮೂರು ಲೋಟ ಕಾಫಿ ತಂದಳು. ಒಂದನ್ನು ಅಪ್ಪನಿಗೆ ಕೊಟ್ಟಳು, ಒಂದನ್ನು ರಾಮಲಿಂಗಯ್ಯನಿಗೆ ಕೊಟ್ಟಳು. ಮೂರನೆಯ ಲೋಟ ಹಿಡಿದು, ಬೆಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ತಾನೇ ಕೂತಳು.